ಅವ್ವ ತೋರಿಸಿದ ಗಾಯ

ನಮ್ಮವ್ವನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳಷ್ಟು ಕೆಳಗಿತ್ತು. ದೂರದಿಂದ ಬರುವಾಗ, ಮುಖ ಕಾಣುವ ಮೊದಲೇ, ಆ ಓರೆ ಹೆಗಲು ನೋಡಿ ನಾನು ಅವ್ವನನ್ನು ಗುರುತಿಸುತ್ತಿದ್ದೆ. ನಲವತ್ತು ವರ್ಷ ಕುರಿಯ ಹಿಂದೆ ನಡೆದವಳು. ಮೇವಿಗೆ ಹೋದಲ್ಲೇ ಹುಟ್ಟಿದ ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ, ಜೋಳಿಗೆಯಂತೆ ಎಡ ಹೆಗಲಿಗೆ ಇಳಿಬಿಟ್ಟುಕೊಂಡು ಸಂಜೆ ಮನೆಗೆ ತರುತ್ತಿದ್ದಳು. ಒಂದೊಂದು ದಿನ ಮೂರು ಮರಿ ಇರುತ್ತಿದ್ದವು. ಬಲಗೈಯಲ್ಲಿ ಕೋಲು ಇರಬೇಕಲ್ಲ, ಭಾರವೆಲ್ಲ ಎಡಕ್ಕೇ. ಯಾರಾದರೂ ಹೆಗಲಿನ ಮಾತೆತ್ತಿದರೆ, "ಜಗ್ಗಿದ್ರೆ ಜಗ್ಗಲಿ ಬಿಡು, ನಾನೇನು ತಕ್ಕಡೀನಾ?" ಎಂದು ನಗುತ್ತಿದ್ದಳು.

ನಮ್ಮದು ಹಿರಿಯೂರು ತಾಲ್ಲೂಕಿನಲ್ಲಿ ಯಲ್ಲದಕೆರೆ ಕಡೆಯ ಒಂದು ಸಣ್ಣ ಹಟ್ಟಿ. ಮೂವತ್ತು ಮನೆ, ಮನೆಗೊಂದು ಮುಳ್ಳುಬೇಲಿಯ ಕುರಿರೊಪ್ಪ. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ಮಂದೆಯ ಮುಂದೆಯೂ ಅವ್ವನೇ, ಹಿಂದೆಯೂ ಅವ್ವನೇ. ನನ್ನನ್ನು ಸಿರಿಗೆರೆಗೆ ಓದಲು ಕಳಿಸಿದಳು, ತಮ್ಮನನ್ನು ಕುರಿಗೆ ಉಳಿಸಿಕೊಂಡಳು. ಅವಳು ಹಾಗೇಕೆ ಹಂಚಿದಳೆಂದು ನಾನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ. ನಾನು ಪಶುವೈದ್ಯಕೀಯ ಡಿಪ್ಲೊಮಾ ಮುಗಿಸಿ ಸರ್ಕಾರಿ ಪಶು ಆಸ್ಪತ್ರೆಗೆ ಸೇರಿದೆ. ಹೊಳಲ್ಕೆರೆಯಲ್ಲಿ ಕೆಲವು ವರ್ಷ, ಆಮೇಲೆ ಹೊಸದುರ್ಗ. ನಾನು ಡಾಕ್ಟರ್ ಅಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಜನ ನನ್ನನ್ನು "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಅವ್ವ ಮಾತ್ರ ಹಾಗೆ ಕರೆದವಳಲ್ಲ. "ಕುರಿ ಬಗ್ಗೆ ಇವ್ನಿಗೆ ಅರ್ಧ ಗೊತ್ತು, ಇನ್ನರ್ಧ ನಂಗೆ ಗೊತ್ತು" ಎಂದು ಎಲ್ಲರೆದುರು ಹೇಳುತ್ತಿದ್ದಳು.

ಅದು ಸುಳ್ಳೂ ಅಲ್ಲ. ಒಮ್ಮೆ ಹೊಸದುರ್ಗದ ಆಸ್ಪತ್ರೆಗೆ ಸೊರಗಿದ ಕುರಿಯೊಂದನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದಿದ್ದಳು. ನಾನು ಕಂಡ ಕೂಡಲೇ ಎದ್ದು ಕರೆದೆ. ಅವಳು ಬರಲಿಲ್ಲ. ತನಗಿಂತ ಮುಂಚೆ ಬಂದ ಒಂಬತ್ತು ಜನರ ಹಿಂದೆ, ಬೇವಿನ ಕಟ್ಟೆಯ ಮೇಲೆ ಕುಂತಿದ್ದಳು. ಸರದಿ ಬಂದಾಗ ನಾನು ಹೊಟ್ಟೆ ತಟ್ಟಿ ನೋಡಿ, ಉಬ್ಬರ ಎಂದೆ. "ಬಾಯಿ ತೆಗೆದು ನೋಡಿದ್ಯಾ?" ಎಂದಳು. ತೆಗೆದು ನೋಡಿದರೆ ದವಡೆಯ ಮೂಲೆಯಲ್ಲಿ ಜಾಲಿಮುಳ್ಳು ನಾಟಿಕೊಂಡಿತ್ತು. ಸುತ್ತ ನಿಂತವರು ನಕ್ಕರು. ಅವ್ವ ನಗಲಿಲ್ಲ. "ಹೊಟ್ಟೆ ನೋಡೋಕೆ ಮುಂಚೆ ಬಾಯಿ ನೋಡು. ಅದು ತಿನ್ನೋದು ಬಾಯಾಗೆ ತಾನೆ?" ಎಂದು, ಮುಳ್ಳು ತೆಗೆಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದಳು.

ನನಗೆ ಗಾಯ ತೊಳೆಯುವುದನ್ನು ಕಲಿಸಿದ್ದು ಕಾಲೇಜಲ್ಲ, ಅವ್ವ. ನನಗಾಗ ಹತ್ತು ವರ್ಷ. ಟಗರೊಂದರ ತೊಡೆಯ ಗಾಯದಲ್ಲಿ ಹುಳು ಬಿದ್ದಿದ್ದವು. ಅವ್ವ ಸೀತಾಫಲದ ಎಲೆ ಅರೆದು ರಸ ಹಿಂಡಿ, ಹುಳುಗಳನ್ನು ಒಂದೊಂದಾಗಿ ಕಡ್ಡಿಯಿಂದ ತೆಗೆಯುವಂತೆ ನನ್ನನ್ನು ಕೂರಿಸಿದಳು. ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಅವಳು ಮೆಲ್ಲಗೆ ನನ್ನ ಕೈ ಕೆಳಗಿಳಿಸಿ ಹೇಳಿದ್ದು ನೆನಪಿದೆ: "ಮೂಗು ಮುಚ್ಕಂಡ್ರೆ ಅದಕ್ಕೆ ಗೊತ್ತಾಗ್ತೈತೆ. ನಾಚ್ಕೆ ಆಗ್ತೈತೆ ಪಾಪ. ಗಾಯಕ್ಕೆ ಮುಖ ಕೊಟ್ಟು ಕೂರಬೇಕು." ಕುರಿಗೆ ನಾಚಿಕೆ ಆಗುತ್ತದೆಯೋ ಇಲ್ಲವೋ ನಾನರಿಯೆ. ಆದರೆ ಅಂದಿನಿಂದ ಇಂದಿನವರೆಗೆ ಯಾವ ಪ್ರಾಣಿಯ ಗಾಯದ ಮುಂದೆಯೂ ನಾನು ಮೂಗು ಮುಚ್ಚಿಕೊಂಡಿಲ್ಲ.

ಇಷ್ಟೆಲ್ಲ ಕಲಿಸಿದವಳು ತನ್ನ ಗಾಯವನ್ನು ಮಾತ್ರ ನಮ್ಮಿಂದ ಒಂದೂವರೆ ವರ್ಷ ಮುಚ್ಚಿಟ್ಟಳು.

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಉಣ್ಣೆ ಕತ್ತರಿಸುವ ದಿನ ನಾನು ಹಟ್ಟಿಗೆ ಹೋಗಿದ್ದೆ. ಸುಡುವ ಬಿಸಿಲಲ್ಲೂ ಅವ್ವ ಕಂಬಳಿ ಹೊದ್ದು ಕುಂತಿದ್ದಳು. ತಮ್ಮನ ಹೆಂಡತಿ ನನ್ನನ್ನು ರೊಪ್ಪದ ಹಿಂದಕ್ಕೆ ಕರೆದು, "ಭಾವ, ಅತ್ತೆ ಮೈಯಾಗೆ ಏನೋ ಕೆಟ್ಟೈತೆ. ಬಟ್ಟೆ ಒಗೆಯೋಕೆ ನಂಗೆ ಕೊಡಲ್ಲ, ಹಳ್ಳದಾಗೆ ಒಬ್ಬಳೇ ಒಕ್ಕಂಡು ಬರ್ತಾಳೆ" ಎಂದಳು. ನಾನು ಹೋಗಿ ಅವ್ವನ ಪಕ್ಕ ಕುಂತೆ. ವಾಸನೆ ಬಂತು. ಅದು ನನಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

"ಏನವ್ವ ಇದು?"

"ಟಗರು ಗುದ್ದಿತ್ತು ಕಣಪ್ಪ, ಹೋದ ವರ್ಷ. ಗಂಟಾಗಿತ್ತು. ಒಡೆದೈತೆ. ಹೋಗ್ತೈತೆ ಬಿಡು."

ಎಡಗಡೆಯ ಎದೆಯಲ್ಲಿ ಅದು. ಹಿರಿಯೂರಿನಲ್ಲಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಅವರು ದಾವಣಗೆರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ನನ್ನೊಬ್ಬನನ್ನೇ ಒಳಗೆ ಕರೆದು, ಕ್ಯಾನ್ಸರ್ ಮೂಳೆಗೂ ಶ್ವಾಸಕೋಶಕ್ಕೂ ಹರಡಿದೆ, ಗುಣ ಮಾಡುವ ಹಂತ ದಾಟಿದೆ ಎಂದರು. ನೋವು ತಗ್ಗಿಸಬಹುದು, ಗಾಯ ನೋಡಿಕೊಳ್ಳಬಹುದು, ಅಷ್ಟೇ. ಹೊರಗೆ ಬೆಂಚಿನ ಮೇಲೆ ಅವ್ವ ಕುಂತು ಯಾರದೋ ಕೂಸನ್ನು ಆಡಿಸುತ್ತಿದ್ದಳು. "ಏನಂದ್ರು?" ಎಂದಳು. "ಕುರು ಅಂತೆ ಕಣವ್ವ. ನಿಧಾನಕ್ಕೆ ಮಾಯ್ತೈತಂತೆ" ಎಂದೆ. ಜೀವಮಾನದಲ್ಲಿ ಅವ್ವನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದು.

ಆ ಸುಳ್ಳು ಒಂದು ತಿಂಗಳು ಬಾಳಿತು. ತಮ್ಮ ಇಡೀ ಮಂದೆ ಮಾರಿಯಾದರೂ ಬೆಂಗಳೂರಿಗೆ ಕರೆದುಕೊಂಡು ಹೋಗಾಣ ಎಂದು ಹಟ ಹಿಡಿದ. ಪ್ರಯೋಜನವಿಲ್ಲ ಎಂದು ನಾನು ಹೇಳಿದರೆ, "ನೀನು ಓದ್ದೋನು, ನಿಂಗೆ ಕಲ್ಲೆದೆ" ಎಂದು ರೊಪ್ಪದ ಗೂಟ ಹಿಡಿದು ಅತ್ತ. ನಮ್ಮ ಪಿಸುಮಾತು ಅವ್ವನ ಕಿವಿಗೆ ಬೀಳದೆ ಇರುತ್ತದೆಯೇ? ಸಂಕ್ರಾಂತಿಯ ಹಿಂದಿನ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಲೇ, ಕುರಿ ತಂದೋರಿಗೆ ನೀನೇನು ಹೇಳ್ತೀಯ? ಉಳಿಯದೆ ಇರೋ ಕುರೀನ ಉಳೀತೈತೆ ಅಂತೀಯೇನು?"

"ಇಲ್ಲವ್ವ."

"ಯಾಕನ್ನಲ್ಲ?"

"ಸುಮ್ನೆ ಅಲೀತಾರೆ. ಕುರಿಗೂ ಹಿಂಸೆ."

"ಮತ್ತೆ ನಂಗ್ಯಾಕೆ ಕುರು ಅಂದೆ?"

ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಅಡ್ಡ ಬಾಯಿ ಹಾಕದೆ ಕೇಳಿದಳು. ಕೊನೆಗೆ ಒಂದೇ ಒಂದು ಕೇಳಿದಳು: "ಎಷ್ಟು ದಿನ?"

"ಮಳೆಗಾಲದವರೆಗೆ ಇರಬೌದು ಅಂದ್ರು."

ಆಮೇಲೆ ಸೊಸೆಗೆ ಚಹಾ ಇಡಲು ಹೇಳಿ, ತಮ್ಮನನ್ನು ಕೂಗಿದಳು. "ಒಂದು ಕುರಿ ಮಾರಿದ್ರೂ ನಾನು ಅನ್ನ ಮುಟ್ಟಲ್ಲ. ಬೆಂಗಳೂರೂ ಬ್ಯಾಡ, ಎಲ್ಲೂ ಬ್ಯಾಡ. ಈ ನೋವೊಂದು ಕಮ್ಮಿ ಮಾಡ್ಸು ಸಾಕು" ಎಂದಳು. ಚಹಾ ಬಂದಾಗ ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟಳು. ಅವಳಿಗೂ ಭಯವಾಗಿತ್ತು. ಭಯವನ್ನು ಇಟ್ಟುಕೊಂಡೇ ತೀರ್ಮಾನ ತೆಗೆದುಕೊಂಡಳು.

ದಾವಣಗೆರೆಯ ವೈದ್ಯರೇ ನಮ್ಮ ಜಿಲ್ಲೆಯ ಪಟ್ಟಣ ದುರ್ಗದ ಹೊರವಲಯದಲ್ಲಿ ಒಂದು ಆರೈಕೆ ಕೇಂದ್ರ ಇರುವುದನ್ನು ಹೇಳಿದ್ದರು. ಗುಣವಾಗದ ಕಾಯಿಲೆಯವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಜಾಗ. ಕೆಲವು ದಿನ ಅಲ್ಲಿದ್ದು ನೋವು ಹಿಡಿತಕ್ಕೆ ತಂದುಕೊಂಡು, ಆಮೇಲೆ ಮನೆಗೆ ಹೋಗಬಹುದು. ನಾನು ರಜೆ ಹಾಕಿ ಅವ್ವನನ್ನು ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಹೊರಡುವಾಗ ಹಟ್ಟಿಯ ಬಾಯಲ್ಲಿ ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ, ಅಡ್ಡ ನಿಂತ. "ಹೆತ್ತ ತಾಯೀನ ಸಾಯೋಕೆ ದುರ್ಗಕ್ಕೆ ಬಿಡೋಕೆ ಹೊಂಟ್ಯೇನೋ? ಹಟ್ಟಿ ಮಾನ ತೆಗೀಬ್ಯಾಡ" ಎಂದ. ದೊಡ್ಡಪ್ಪ ಹಟ್ಟಿಗೆ ಹಿರಿಯ. ನನ್ನ ಕಾಲು ಹಿಂದೆಗೆಯಿತು. ಕಾರಿನೊಳಗಿಂದ ಅವ್ವ, "ಹತ್ತು ದಿನಕ್ಕೆ ಬರ್ತೀನಿ ಭಾವ, ದಾರಿ ಬಿಡ್ರಿ" ಎಂದಳು.

ಆ ಕೇಂದ್ರದಲ್ಲಿ ಅವ್ವನನ್ನು ನೋಡಿಕೊಂಡ ಸಿಸ್ಟರ್ ದುರ್ಗದ ಹಳೆಯ ಮುಸ್ಲಿಂ ಮನೆತನದವರು. ಅವರ ತಾತ ಕೋಟೆಯ ಕೆಳಗಿನ ಬೀದಿಯಲ್ಲಿ ತಗಡಿನ ಪೆಟ್ಟಿಗೆ ಮಾಡುತ್ತಿದ್ದರಂತೆ. ನಲವತ್ತರ ಆಸುಪಾಸು, ಗಟ್ಟಿ ದನಿ, ಹಗುರ ಕೈ. ಅವ್ವ ಮೊದಲ ದಿನವೇ ಅವರಿಗೆ "ಸಿಸ್ಟರವ್ವ" ಎಂದು ಹೆಸರಿಟ್ಟಳು. ಮಾರ್ಫಿನ್ ಮಾತ್ರೆ ಶುರುವಾದ ಎರಡನೇ ದಿನ ಅವ್ವ ಎಷ್ಟೋ ತಿಂಗಳ ಮೇಲೆ ಒಂದೇ ಸಮನೆ ಆರು ತಾಸು ಮಲಗಿದಳು. ಎದ್ದವಳೇ ನನ್ನ ಮುಖ ನೋಡಿ, "ಬೆಳಕಾಗೈತೇನ್ಲೇ?" ಎಂದು ಆಶ್ಚರ್ಯಪಟ್ಟಳು. ಆದರೆ ತಲೆಯ ಮೇಲೆ ಫ್ಯಾನು ತಿರುಗಿದರೆ ಅವಳಿಗೆ ಹಿಂಸೆ. ಬಯಲಲ್ಲಿ ಮಲಗಿ ಅಭ್ಯಾಸ. ಸಿಸ್ಟರ್ ತಾವೇ ಮಂಚದ ಒಂದು ತುದಿ ಹಿಡಿದು, ನನಗೆ ಇನ್ನೊಂದು ತುದಿ ಹಿಡಿಸಿ, ಅವಳನ್ನು ಪಡಸಾಲೆಗೆ ತಂದು ಹಾಕಿದರು.

ಕಷ್ಟವಾದದ್ದು ಗಾಯದ ಡ್ರೆಸ್ಸಿಂಗು. ಮನೆಗೆ ಹೋದ ಮೇಲೆ ದಿನಾ ಯಾರಾದರೂ ಮಾಡಲೇಬೇಕು. ಹೊಸದುರ್ಗದಿಂದ ನನ್ನ ಹೆಂಡತಿ ಕಲಿಯಲು ಬಂದಳು. ಬಟ್ಟೆ ಬಿಚ್ಚಿದ ಕೂಡಲೇ ಕಣ್ಣು ಕತ್ತಲೆ ಬಂದು ಕುಂತುಬಿಟ್ಟಳು. ತಮ್ಮನ ಹೆಂಡತಿ ಮುಟ್ಟಲೇ ಹೆದರಿದಳು. ಇಬ್ಬರನ್ನೂ ನಾನು ದೂರುವುದಿಲ್ಲ. ಸಿಸ್ಟರ್ ನನ್ನ ಕಡೆ ತಿರುಗಿದರು.

"ಸರ್, ನೀವು ದಿನಾ ಕುರಿ ಗಾಯ ತೊಳಿತೀರಂತೆ. ಅಜ್ಜಿ ಹೇಳಿದ್ರು."

"ಅದು ಬೇರೆ ಸಿಸ್ಟರ್."

"ಹೆಂಗೆ ಬೇರೆ? ಹೇಳ್ರಿ."

"ಇದು ಹೆಣ್ಣುಮಕ್ಕಳು ಮಾಡೋ ಕೆಲಸ. ನಾನು ಮಗ..." ಎಂದು ತೊದಲಿದೆ. ನಮ್ಮ ಕಡೆ ಬೆಳೆದ ಗಂಡುಮಗ ತಾಯಿಯ ಮೈ ನೋಡುವುದಿಲ್ಲ. ಅವ್ವನೂ ಬೇಡವೆಂದು ತಲೆಯಾಡಿಸಿ ಗೋಡೆಯ ಕಡೆ ಹೊರಳಿದಳು. ಸಿಸ್ಟರ್ ಒತ್ತಾಯ ಮಾಡಲಿಲ್ಲ. ಬಿಸಿನೀರಿನ ಬೋಗುಣಿ ಅಲ್ಲೇ ಇಟ್ಟು ಪಕ್ಕಕ್ಕೆ ಸರಿದರು. ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ನಾನು ಎದ್ದು ಹೋಗಿಬಿಡಲೇ ಎಂದುಕೊಳ್ಳುತ್ತಿದ್ದೆ. ಆಗ ಅವ್ವ ಮಗ್ಗುಲು ಬದಲಿಸಿದಳು.

"ಬಾ ಇಲ್ಲಿ" ಎಂದಳು. "ನೀನು ಎರಡೂವರೆ ವರ್ಷ ಹಾಲು ಕುಡ್ದ ಜಾಗ ಕಣ್ಲೇ ಇದು. ಅವಾಗ ಇಲ್ಲದ ನಾಚ್ಕೆ ಈಗ್ಯಾಕೆ? ಬಾ. ಗಾಯಕ್ಕೆ ಮುಖ ಕೊಡು."

ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಒಂದು ಕೈ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು.

ನಾನು ಕೈ ತೊಳೆದುಕೊಂಡು ಬಂದು ಕುಂತೆ. ಸಿಸ್ಟರ್ ಹೇಳಿದಂತೆ ಉಪ್ಪುನೀರಿನಲ್ಲಿ ಹಳೆಯ ಬಟ್ಟೆಯನ್ನು ನೆನೆಸಿ, ಎಳೆಯದೆ, ತಾನಾಗಿ ಬಿಡುವವರೆಗೆ ಕಾದೆ. ಒಳಗಿನದನ್ನು ಇಲ್ಲಿ ಬಣ್ಣಿಸಲಾರೆ. ಇಷ್ಟು ಹೇಳುತ್ತೇನೆ: ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ತೊಳೆದು, ವಾಸನೆ ತಗ್ಗಲೆಂದು ಕೊಟ್ಟಿದ್ದ ಮಾತ್ರೆಯ ಪುಡಿ ಉದುರಿಸಿ, ಹೊಸ ಬಟ್ಟೆ ಕಟ್ಟುವ ಹೊತ್ತಿಗೆ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವ್ವ ಕಣ್ಣು ಬಿಟ್ಟಳು. "ಕಂಕುಳ ಕಡೆ ಅಂಚು ಬಿಟ್ಟೆ. ಅಲ್ಲೂ ಒರೆಸು" ಎಂದಳು. ಸಿಸ್ಟರ್ ನಕ್ಕು, "ಅಜ್ಜಿ, ಮಗಂಗೆ ಪಾಸೋ ಫೇಲೋ?" ಎಂದು ಕೇಳಿದರು. "ಅಂಚು ಒರೆಸಿದ್ರೆ ಪಾಸು" ಎಂದಳು ಅವ್ವ.

ಹತ್ತನೇ ದಿನಕ್ಕೆ ಹಟ್ಟಿಗೆ ಮರಳಿದೆವು. ಕೊಟ್ಟ ಮಾತಿನಂತೆ. ಕಾರಿಂದ ಇಳಿದವಳು ನೇರ ದೊಡ್ಡಪ್ಪನ ಜಗಲಿಯವರೆಗೆ ನಡೆದು ಹೋಗಿ, "ಬಂದೆ ಭಾವ" ಎಂದು ಹೇಳಿ ಬಂದಳು. ಅಷ್ಟು ದೂರ ನಡೆದದ್ದಕ್ಕೆ ಅವತ್ತೆಲ್ಲ ಏದುಸಿರು ಬಿಟ್ಟಳು.

ನಾನು ಉಳಿದಿದ್ದ ರಜೆಯನ್ನೆಲ್ಲ ಒಟ್ಟು ಮಾಡಿ ಬರೆದುಕೊಟ್ಟು ಹಟ್ಟಿಯಲ್ಲೇ ಉಳಿದೆ. ರೊಪ್ಪಕ್ಕೆ ಎದುರಾಗಿ ಹೊಂಗೆಮರದ ಕೆಳಗೆ ಮಂಚ ಹಾಕಿದೆವು. ಬೆಳಿಗ್ಗೆ ಕುರಿ ಬಿಡುವ ಹೊತ್ತಿಗೆ ಅವ್ವನಿಗೆ ದಿಂಬು ಕೊಟ್ಟು ಎತ್ತಿ ಕೂರಿಸುತ್ತಿದ್ದೆ. ಮಂದೆ ಹೊರಡುವಾಗ ಒಂದೊಂದರ ನಡಿಗೆ ನೋಡಿ, "ಆ ಕಪ್ಪು ಕುರಿ ಮುಂಗಾಲು ಊರ್ತಿಲ್ಲ, ಗೊರಸು ನೋಡು", "ಆ ಗಬ್ಬದ ಕುರಿ ಇನ್ನೆರಡು ದಿನಕ್ಕೆ ಈಯ್ತೈತೆ, ದೂರ ಒಯ್ಯಬ್ಯಾಡ" ಎಂದು ತಮ್ಮನಿಗೆ ಹೇಳುತ್ತಿದ್ದಳು. ಅವಳು ಹೇಳಿದ್ದು ಒಂದೂ ತಪ್ಪಲಿಲ್ಲ. ಕಲ್ಲೆದೆ ಎಂದು ನನ್ನನ್ನು ಬೈದಿದ್ದ ತಮ್ಮ ಸಂಜೆ ಬಂದವನೇ ಕೈಕಾಲು ತೊಳೆದು, ಅವ್ವನ ಪಾದ ಒತ್ತುತ್ತಾ ಕೂರುತ್ತಿದ್ದ. ನಾವಿಬ್ಬರೂ ಅಷ್ಟು ಹತ್ತಿರ ಬಂದದ್ದು ಆ ಐದು ತಿಂಗಳಲ್ಲೇ.

ಎರಡು ವಾರಕ್ಕೊಮ್ಮೆ ಕೇಂದ್ರದ ವ್ಯಾನು ಬರುತ್ತಿತ್ತು. ಸಿಸ್ಟರ್ ಇಳಿದು ಮೊದಲು ಅವ್ವನ ಮಂಚದ ಮೇಲೆ ಕುಂತು ಊರ ಸುದ್ದಿ ಮಾತಾಡಿ, ಆಮೇಲೆ ಚೀಲ ಬಿಚ್ಚುತ್ತಿದ್ದರು. ಯುಗಾದಿ ಕಳೆದ ಮೇಲಿನ ಭೇಟಿಯಲ್ಲಿ ಅವ್ವ ಅವರನ್ನು ಕೇಳಿದಳು: "ಸಿಸ್ಟರವ್ವ, ನಾನು ಗಂಟು ಸಣ್ಣದಿದ್ದಾಗ್ಲೇ ಬಂದಿದ್ರೆ?"

ಸಿಸ್ಟರ್ ಅವಳ ಕೈ ಹಿಡಿದುಕೊಂಡರು. "ಬಂದಿದ್ರೆ ಬಹುಶಃ ಬದುಕ್ತಿದ್ರಿ ಅಜ್ಜಿ" ಎಂದರು. ಸುಳ್ಳು ಹೇಳಲಿಲ್ಲ.

ಅವ್ವ ಅವತ್ತು ಊಟ ಮಾಡಲಿಲ್ಲ. ಮರುದಿನ ಗಾಯ ಕಟ್ಟುವಾಗ ನನಗೆ ಹೇಳಿದಳು: "ಸಿಸ್ಟರವ್ವ ಮುಂದಿನ ಸಲ ಬಂದಾಗ ಹಟ್ಟಿ ಹೆಂಗಸರನ್ನೆಲ್ಲ ಕರಿಯಾಣ. ಅವರ ಮುಂದೆ ನೀನು ಕಟ್ಟು ಬಿಚ್ಚು. ಅವರು ನೋಡ್ಲಿ."

ನಾನು ಬೆಚ್ಚಿದೆ. "ಬ್ಯಾಡವ್ವ. ಬಾಯಲ್ಲಿ ಹೇಳಿದ್ರೆ ಸಾಲದಾ?"

"ಬಾಯಲ್ಲಿ ಹೇಳಿದ್ದು ನಾನು ಕೇಳಿದ್ನಾ? ಊರಿಗೆ ಬಂದ ಆಶಾ ಹುಡುಗಿ ಹೇಳಿದ್ಲು, ಗಂಟಿದ್ರೆ ತೋರಿಸ್ರಿ ಅಂತ. ಕೇಳ್ಕಂಡು ಕುರಿ ಹೊಡ್ಕಂಡು ಹೋದೆ."

ಸುದ್ದಿ ತಿಳಿದ ದೊಡ್ಡಪ್ಪ ಕೋಲು ಊರಿಕೊಂಡು ಬಂದ. ಅವನ ಮುಖ ಕೆಂಪಾಗಿತ್ತು. "ಏನಿದು ಹುಚ್ಚಾಟ? ಮಗನ ಕೈಲಿ ಮೈ ಬಿಚ್ಚಿಸ್ಕಂಡು ಹೆಂಗಸರಿಗೆ ತೋರಿಸ್ತೀಯಂತೆ? ಮಾನ ಮರ್ಯಾದೆ ಬ್ಯಾಡವಾ?" ಎಂದ.

ಅವ್ವ ಎಂದೂ ಭಾವನ ಎದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಸೆರಗು ಹೊದ್ದು, ದಿಂಬಿಗೊರಗಿಯೇ ಹೇಳಿದಳು:

"ಮಾನ ಕಾಪಾಡ್ಕಂಡೇ ಅಲ್ವ ಭಾವ, ನಾನು ಈ ಗತಿಗೆ ಬಂದಿದ್ದು?"

ದೊಡ್ಡಪ್ಪ ಕೋಲು ಊರಿಕೊಂಡು ಹೊರಟುಹೋದ. ಕರೆದ ದಿನ ಹಟ್ಟಿಯ ಗಂಡಸರನ್ನೆಲ್ಲ ಕುರಿ ಹೊಡೆದುಕೊಂಡು ಬೇಗ ಹೊರಡಿರೆಂದು ಗದರಿ ಕಳಿಸಿದವನು ಅವನೇ ಎಂದು ನನಗೆ ಆಮೇಲೆ ತಿಳಿಯಿತು.

ನೀರು ತಂದಿಟ್ಟು, ರೊಪ್ಪ ಗುಡಿಸಿ, ಇಪ್ಪತ್ತಾರು ಜನ ಹೆಂಗಸರು ಬಂದರು. ನಡುಮನೆ ತುಂಬಿಹೋಯಿತು. ಅವರಲ್ಲಿ ಅರ್ಧ ಜನ ನಾನು ಅತ್ತೆ, ಚಿಕ್ಕಮ್ಮ ಎಂದು ಕರೆಯುವವರು. ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಸಿಸ್ಟರ್ ಪಕ್ಕದಲ್ಲಿ ಕುಂತು, "ಯಾವಾಗಿನಂಗೆ ಮಾಡ್ರಿ ಸರ್" ಎಂದು ಮೆಲ್ಲಗೆ ಹೇಳಿದರು. ಕಟ್ಟು ಬಿಚ್ಚಿದೆ. ಯಾರೋ ಉಸಿರು ಒಳಗೆಳೆದುಕೊಂಡ ಸದ್ದು. ಯಾರೋ ಅಳತೊಡಗಿದರು. ಒಂದಿಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಮುಚ್ಕಳ್ರಿ, ಪರವಾಗಿಲ್ಲ" ಎಂದಳು ಅವ್ವ. "ಕಣ್ಣು ಮಾತ್ರ ಮುಚ್ಕಬ್ಯಾಡ್ರಿ. ನೋಡ್ರಿ. ಮೊದಲು ಇದು ಕಡಲೆಕಾಳಿನಷ್ಟಿತ್ತು. ನೋವಿರಲಿಲ್ಲ. ನೋವಿಲ್ಲ ಅಂತ್ಲೇ ನಾನು ಮೋಸ ಹೋದೆ. ಟಗರು ಗುದ್ದಿತ್ತು ಅಂತ ನಿಮಗೆಲ್ಲ ಸುಳ್ಳು ಹೇಳ್ದೆ. ಯಾವ ಟಗರೂ ಗುದ್ದಿರಲಿಲ್ಲ. ಡಾಕ್ಟ್ರಿಗೆ ಎದೆ ತೋರಿಸ್ಬೇಕಲ್ಲ ಅಂತ ನಾಚ್ಕಂಡೆ. ಈಗ ನೋಡ್ರಿ, ಇಡೀ ಹಟ್ಟಿಗೇ ತೋರಿಸ್ತಾ ಕುಂತೀನಿ."

ಒಬ್ಬಳು ಅಳುತ್ತಲೇ ನಕ್ಕಳು. ಆಮೇಲೆ ಇನ್ನೊಬ್ಬಳು. ಆ ನಗುವಿನಿಂದ ಮನೆಯಲ್ಲಿ ಕಟ್ಟಿದ್ದ ಉಸಿರು ಸಡಿಲವಾಯಿತು. ನಾನು ತೊಳೆದೆ, ಅಂಚು ಒರೆಸಿದೆ, ಪುಡಿ ಉದುರಿಸಿ ಕಟ್ಟಿದೆ. ಅಷ್ಟು ಹೊತ್ತೂ ಅವ್ವ ಕಣ್ಣು ತೆರೆದೇ ಇದ್ದಳು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಎದೆ ತುಂಬಿ ಬಂದಿತ್ತು.

ನಾನು ಹೊರಗೆ ಹೋದ ಮೇಲೆ ಸಿಸ್ಟರ್ ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದರು. ಹೇಗೆ ತಾವೇ ಮುಟ್ಟಿ ನೋಡಿಕೊಳ್ಳಬೇಕೆಂದು ಕಲಿಸಿದರು. ಮಧ್ಯಾಹ್ನ ಬಾಗಿಲು ತೆರೆದಾಗ ಎಲ್ಲರೂ ಹೋದರು, ಒಬ್ಬಳು ಉಳಿದಳು. ದೊಡ್ಡಪ್ಪನ ಕಿರಿಯ ಸೊಸೆ. ಮೂವತ್ತೈದು ದಾಟಿರಲಿಲ್ಲ. ಅವಳ ಬಲಗಡೆ ಕಾಳಿನಷ್ಟು ಗಂಟು ಇತ್ತು, ಅವಳಿಗೆ ಅದು ನಾಲ್ಕು ತಿಂಗಳಿಂದ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆ ಸೊಸೆಯನ್ನು ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟವನು ದೊಡ್ಡಪ್ಪ. ಮಗನೂ ಜೊತೆಗಿದ್ದ, ಆದರೆ ಸಿಸ್ಟರ್ ಬರೆದುಕೊಟ್ಟ ಚೀಟಿಯ ಚೀಲ ದೊಡ್ಡಪ್ಪನ ಕಂಕುಳಲ್ಲಿತ್ತು. ಹೊಂಗೆಮರದ ಮುಂದೆ ಹಾಯುವಾಗ ನಿಂತ. ಅವ್ವನ ಕಡೆ ನೋಡದೆ, "ಹೋಗಿ ಬರ್ತೀವವ್ವ" ಎಂದ. ತನ್ನ ತಮ್ಮನ ಹೆಂಡತಿಯನ್ನು ಅವನು "ಅವ್ವ" ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಕೈ ಎತ್ತಿದಳು. ಗಂಟು ಕ್ಯಾನ್ಸರೇ ಆಗಿತ್ತು, ಆದರೆ ಎಲ್ಲೂ ಹರಡಿರಲಿಲ್ಲ. ಆಪರೇಷನ್ ಆಯಿತು. ಔಷಧಿಗೆ ಅವಳ ಕೂದಲು ಉದುರಿತು. ಅವ್ವ ತಾನು ಹೊದೆಯುತ್ತಿದ್ದ ಹತ್ತಿಯ ಸಣ್ಣ ವಲ್ಲಿಯನ್ನು ತಲೆಗೆ ಕಟ್ಟಿಕೊಳ್ಳಲು ಕಳಿಸಿಕೊಟ್ಟಳು.

ಜೂನ್ ಬರುವ ಹೊತ್ತಿಗೆ ಅವ್ವ ಗಂಜಿಯನ್ನೂ ನುಂಗಲಾರದಂತಾದಳು. ಮತ್ತೆ ಕೇಂದ್ರಕ್ಕೆ ಒಯ್ಯುವುದೇ ಎಂದು ಕೇಳಿದಾಗ ಸಿಸ್ಟರ್, "ಅಜ್ಜೀನೇ ಕೇಳ್ರಿ" ಎಂದರು. ಕೇಳಿದೆ. "ಇಲ್ಲಿಂದ ಕುರಿ ಕಾಣ್ತಾವೆ" ಎಂದಳು ಅವ್ವ. ಅಲ್ಲಿಗೆ ಆ ಮಾತು ಮುಗಿಯಿತು. ನುಂಗುವ ಮಾತ್ರೆಯ ಬದಲು ಚರ್ಮದ ಕೆಳಗೆ ಸೂಜಿ ಕೊಡುವುದನ್ನು ಸಿಸ್ಟರ್ ನನಗೆ ಕಲಿಸಿದರು. ಕುರಿಗಳಿಗೆ ಸಾವಿರಾರು ಸೂಜಿ ಕೊಟ್ಟವನು ಅವ್ವನ ಸೊರಗಿದ ತೋಳಿನಲ್ಲಿ ಜಾಗ ಹುಡುಕುವಾಗ ಅತ್ತುಬಿಟ್ಟೆ. "ಅಳಬ್ಯಾಡಪ್ಪ, ಸೂಜಿ ಅಲ್ಲಾಡ್ತೈತೆ" ಎಂದಳು.

ಅವಳು ಹೋದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದು. ನಾನು ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದೆ. ತಮ್ಮ ಪಾದದ ಹತ್ತಿರ ಇದ್ದ. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ಹೀಗಾಗುತ್ತದೆ, ಹೆದರಬೇಡಿ ಎಂದು ಸಿಸ್ಟರ್ ಮೊದಲೇ ಹೇಳಿದ್ದರು, ಆದ್ದರಿಂದ ನಾವು ಯಾರೂ ಕೂಗಾಡಲಿಲ್ಲ. ನೋವಿನ ಗೆರೆ ಒಂದೂ ಮುಖದ ಮೇಲೆ ಇರಲಿಲ್ಲ. ಒಂದು ಉಸಿರು ಬಂತು. ಮುಂದಿನದಕ್ಕೆ ಕಾದೆವು. ಬರಲಿಲ್ಲ.

ಮೈ ತೊಳೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ನೀರು ಕಾಯಿಸಿ, ಸೀರೆ ಅಡ್ಡ ಕಟ್ಟಿ, ಗಂಡಸರನ್ನು ಆಚೆ ಕಳಿಸಿದರು. ನಾನೂ ಎದ್ದೆ. ಆಗ ಜಗಲಿಯ ಮೇಲೆ ಕುಂತಿದ್ದ ದೊಡ್ಡಪ್ಪ, ನೆರೆದ ಜನರೆಲ್ಲ ಕೇಳುವಂತೆ, ಒಳಗಿನ ಹೆಂಗಸರಿಗೆ ಕೂಗಿ ಹೇಳಿದ:

"ಗಾಯ ಯಾರೂ ಮುಟ್ಟಬ್ಯಾಡ್ರಿ. ಅವನು ಕಟ್ಲಿ. ಅವನ ಕೈ ಆಯಮ್ಮಂಗೆ ಗೊತ್ತೈತೆ."

ನಾನು ಒಳಗೆ ಹೋದೆ. ಕೊನೆಯ ಸಲ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಬಿಗಿಯಾಗದಂತೆ ಕಟ್ಟಿದೆ. ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಯಾರೂ ಮುಖ ತಿರುಗಿಸಲಿಲ್ಲ.

ಅವ್ವ ಹೋಗಿ ಎರಡು ವರ್ಷ ಕಳೆದಿದೆ. ದೊಡ್ಡಪ್ಪನ ಸೊಸೆ ಚೆನ್ನಾಗಿದ್ದಾಳೆ. ಕೂದಲು ಮತ್ತೆ ಬಂದಿದೆ, ಕುರಿಗೂ ಹೋಗುತ್ತಾಳೆ. ನಾನು ಮತ್ತೆ ಹೊಸದುರ್ಗದ ಕೆಲಸದಲ್ಲಿದ್ದೇನೆ. ಲಸಿಕೆ ಹಾಕುವ ಕಾಲದಲ್ಲಿ ಊರೂರು, ಹಟ್ಟಿ ಹಟ್ಟಿ ಸುತ್ತುತ್ತೇನೆ. ಹೋದ ತಿಂಗಳು ಹೊರಕೆರೆದೇವರಪುರದ ಆಚೆ ಒಂದು ಊರಿನಲ್ಲಿ ಲಸಿಕೆ ಮುಗಿಸಿ ಪೆಟ್ಟಿಗೆ ಮುಚ್ಚುತ್ತಿದ್ದೆ. ನಾನು ಹಿಂದೆಂದೂ ಕಾಣದ ಒಬ್ಬ ಮುದುಕಿ ಗಂಡಸರೆಲ್ಲ ಚದುರುವವರೆಗೆ ಬೇಲಿಯ ಹತ್ತಿರ ಕಾದಿದ್ದು ಬಂದಳು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಡಾಕ್ಟ್ರೇ, ಹಿರಿಯೂರು ಕಡೆ ಹಟ್ಟಿಯಾಗೆ ಒಬ್ಬ ತಾಯಿ ಹೆಂಗಸರಿಗೆಲ್ಲ ತನ್ನ ಗಾಯ ತೋರಿಸಿದ್ಲಂತೆ. ನೀನು ಆಯಮ್ಮನ ಮಗನೇನಪ್ಪ?"

"ಹೌದವ್ವ, ಅವಳ ಮಗನೇ" ಎಂದೆ.

"ನನ್ನ ಮಗಳಿಗೂ ಒಂದು ಗಂಟೈತೆ. ಯಾರಿಗೂ ಹೇಳಿಲ್ಲ" ಎಂದಳು.

ನಾನು ಪೆಟ್ಟಿಗೆ ಬದಿಗಿಟ್ಟು, ಸಿಸ್ಟರಿಗೆ ಫೋನ್ ಮಾಡಿದೆ.